ಹಲ್ಲಿನ ಡಾಕ್ಟರ ಕಣ್ಣಿಗೆ ಬೀಳುವುದು

ಹಲ್ಲಿನ ಡಾಕ್ಟರ ಬಳಿ ನಾವು ಹೋಗುವುದು ಹಲ್ಲುನೋವಿಗೆ. ಆದರೆ ದೀಪ ಹಾಕಿ ಮುಖದ ಹತ್ತಿರ ಬಾಗುವ ಅವರಿಗೆ ಹಲ್ಲಿಗಿಂತ ಹೆಚ್ಚಿನದೂ ಕಾಣುತ್ತದೆ. ಮಕ್ಕಳ ಮೇಲೆ ಕೈಮಾಡಿದಾಗ ಪೆಟ್ಟು ಬಹಳ ಸಲ ಬೀಳುವುದು ತಲೆ, ಮುಖ, ಕುತ್ತಿಗೆಗೇ. ಮೇಲ್ತುಟಿಯನ್ನು ಒಸಡಿಗೆ ಸೇರಿಸುವ ಸಣ್ಣ ಪದರವೊಂದಿದೆಯಲ್ಲ, ಇನ್ನೂ ಹೆಜ್ಜೆಯಿಡದ ಕೂಸಿನಲ್ಲಿ ಅದು ಹರಿದಿದ್ದರೆ ‘ಬಿದ್ದುಬಿಟ್ಟಿತು’ ಎಂಬ ಮಾತನ್ನು ಅಲ್ಲಿಗೇ ಬಿಡುವಂತಿಲ್ಲ. ಬಾಟಲಿಯನ್ನೋ ಚಮಚವನ್ನೋ ಬಲವಂತವಾಗಿ ತುರುಕಿದರೂ ಅದು ಹರಿಯಬಹುದು. ಹಾಗಂತ ಪ್ರತಿ ಗಾಯವೂ ಹಿಂಸೆಯಲ್ಲ. ಓಡಾಡುವ ಮಕ್ಕಳು ಬೀಳುತ್ತವೆ, ಮೊಣಕಾಲು, ಹಣೆ ತರಚಿಕೊಳ್ಳುತ್ತವೆ. ಗಾಯಕ್ಕೂ ಹೇಳುವ ಕಥೆಗೂ ತಾಳೆಯಾಗುತ್ತದೆಯೇ, ನೋಡಬೇಕಾದ್ದು ಅದನ್ನು.

ಹಿರಿಯರ ಪಾಡೂ ಬೇರೆಯಲ್ಲ, ಅವರ ನೋವನ್ನು ಅವರ ಬಾಯಿಂದ ಕೇಳುವವರು ಕಡಿಮೆ. ಮರೆವಿನ ಕಾಯಿಲೆಯ ಅಜ್ಜಿ ಕುರ್ಚಿಯಲ್ಲಿರುತ್ತಾರೆ. ‘ಇವರಿಗೆ ಎಲ್ಲಿ ನೋವು?’ ಎಂಬ ಪ್ರಶ್ನೆ ಮಾತ್ರ ಪಕ್ಕದಲ್ಲಿ ನಿಂತ ಮಗನಿಗೆ! ಅಜ್ಜಿಯನ್ನೇ ಮೊದಲು ಕೇಳಿದರೆ ಏನು ಕಳೆದುಕೊಳ್ಳುತ್ತೇವೆ? ‘ನೋವಾದರೆ ಕೈ ಎತ್ತಿ, ನಿಲ್ಲಿಸುತ್ತೇನೆ’ ಎಂದ ಡಾಕ್ಟರು, ಅಜ್ಜಿ ಕೈ ಎತ್ತಿದಾಗ ನಿಜಕ್ಕೂ ಡ್ರಿಲ್ ನಿಲ್ಲಿಸಬೇಕು.

ಮಕ್ಕಳ ಮೇಲಿನ ಹಿಂಸೆ ಕಂಡೂ ‘ಮನೆ ವಿಷಯ, ನಮಗ್ಯಾಕೆ’ ಎನ್ನುವವರಿಗೆ ಕಾನೂನು ಎಲ್ಲ ಸಂದರ್ಭದಲ್ಲೂ ಆ ಅವಕಾಶ ಕೊಟ್ಟಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಯಾರೇ ಆಗಲಿ, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯ ರಕ್ಷಣೆಯಿದೆ. ಮಕ್ಕಳ ಸಹಾಯವಾಣಿ 1098, ಹಿರಿಯರದು 14567. ಕ್ಲಿನಿಕ್ಕಿನ ಗೋಡೆಯಲ್ಲಿ ಟೂತ್‌ಪೇಸ್ಟ್ ಜಾಹೀರಾತಿನ ಪಕ್ಕ ಇವಕ್ಕೂ ಜಾಗವಿದೆ.