ಫೋನಿನ ವೇಗ ಯಾರ ಕೈಯಲ್ಲಿದೆ?

ಮಕ್ಕಳೇ, 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ 5ಜಿ ಸೇವೆ ಶುರುವಾಯಿತು. ಏರ್‌ಟೆಲ್ ಕಂಪನಿ ಮೊದಲು 5ಜಿ ಕೊಟ್ಟ ಎಂಟು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಆಗ ಒಂದು ವಿಚಿತ್ರ ನಡೆಯಿತು. ಐಫೋನ್ 12, 13, 14 ಇದ್ದವರ ಫೋನಿನಲ್ಲಿ 5ಜಿ ಹಿಡಿಯಬಲ್ಲ ಚಿಪ್ ಇತ್ತು. ಹತ್ತಿರದ ಟವರಿನಿಂದ 5ಜಿ ಅಲೆಗಳೂ ಬರುತ್ತಿದ್ದವು. ಆದರೂ ಫೋನು 4ಜಿಯಲ್ಲೇ ನಿಂತಿತ್ತು. ಎರಡು ತಿಂಗಳು ದಾಟಿ, ಡಿಸೆಂಬರ್ ಮಧ್ಯದಲ್ಲಿ ಆಪಲ್ ಕಂಪನಿ ಐಒಎಸ್ 16.2 ಎಂಬ ತಂತ್ರಾಂಶವನ್ನು ಕಳುಹಿಸಿದ ಮೇಲೆ ಅವೇ ಫೋನುಗಳು, ಅದೇ ಜಾಗದಲ್ಲಿ, ಅದೇ ಟವರಿನಿಂದ 5ಜಿ ಹಿಡಿಯತೊಡಗಿದವು.

ಫೋನಿನ ಒಳಗೆ ಒಂದು ಸಣ್ಣ ಸ್ಕ್ರೂ ಕೂಡ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು? ಇಂಥ ಕಂಪನಿಯ ಜಾಲದಲ್ಲಿ 5ಜಿ ಬಳಸಬಹುದು ಎಂಬ ಅನುಮತಿ. ಫೋನ್ ತಯಾರಿಸುವವರು ಏರ್‌ಟೆಲ್, ಜಿಯೊ ಜಾಲಗಳಲ್ಲಿ ತಮ್ಮ ಫೋನನ್ನು ಪರೀಕ್ಷಿಸಿ, ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೆ ಆ ಅನುಮತಿಯನ್ನು ತಂತ್ರಾಂಶದಲ್ಲಿ ಬರೆದು ಕಳುಹಿಸಿದರು. ಹಲವು ಆಂಡ್ರಾಯ್ಡ್ ಫೋನುಗಳೂ ಇಂಥದೇ ಅಪ್‌ಡೇಟ್‌ಗಾಗಿ ಕಾಯಬೇಕಾಯಿತು.

ಫೋನ್ ನಮ್ಮದು, ಹಣ ಕೊಟ್ಟು ಕೊಂಡದ್ದು. ಆದರೆ ಅದರ ಇಂಟರ್‌ನೆಟ್ ವೇಗ ನಮ್ಮ ಕೈಯಲ್ಲಿ ಮಾತ್ರ ಇಲ್ಲ. ಅದನ್ನು ಯಾರು ಯಾರು, ಎಲ್ಲೆಲ್ಲಿ ಕುಳಿತು ತೀರ್ಮಾನಿಸುತ್ತಾರೆ? ಸಿಮ್‌ನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತೋಣ ಬನ್ನಿ.

ಸಿಮ್ ಹೇಳುವ ಗುರುತು

ಈಗಿನ ಫೋನುಗಳ ನ್ಯಾನೊ ಸಿಮ್ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ ಇರುತ್ತದೆ, ಅಷ್ಟೇ. ಆದರೆ ಅದು ಬರೀ ಪ್ಲಾಸ್ಟಿಕ್ ತುಂಡಲ್ಲ. ಲೆಕ್ಕ ಮಾಡಬಲ್ಲ ಪುಟ್ಟ ಕಂಪ್ಯೂಟರ್. ಅದರೊಳಗೆ ಸಾಮಾನ್ಯವಾಗಿ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಮ್ಮನ ಮೊಬೈಲ್ ನಂಬರೇ ಬೇರೆ, ಈ ಸಂಖ್ಯೆಯೇ ಬೇರೆ. ಇದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಭಾರತದಲ್ಲಿ 404 ಮತ್ತು 405 ಎಂಬ ಸಂಕೇತಗಳು ಬಳಕೆಯಲ್ಲಿವೆ. ಮುಂದಿನ ಎರಡು ಅಥವಾ ಮೂರು ಅಂಕಿಗಳು ಯಾವ ಕಂಪನಿ, ಯಾವ ಪ್ರದೇಶ ಎಂದು ತಿಳಿಸುತ್ತವೆ. 404ರ ಮುಂದೆ 45 ಇದ್ದರೆ ಏರ್‌ಟೆಲ್ ಕರ್ನಾಟಕ. 71 ಇದ್ದರೆ ಬಿಎಸ್‌ಎನ್‌ಎಲ್ ಕರ್ನಾಟಕ.

ಫೋನ್ ಆನ್ ಆದ ಕೂಡಲೇ ಈ ಅಂಕಿಗಳನ್ನು ಓದುತ್ತದೆ. ಆ ಕಂಪನಿಗೆಂದು ಮೊದಲೇ ಬರೆದಿಟ್ಟ ಸೆಟ್ಟಿಂಗ್‌ಗಳ ಕಡತವನ್ನು ತನ್ನ ನೆನಪಿನಿಂದ ಹೊರತೆಗೆಯುತ್ತದೆ. 4ಜಿ ಮೂಲಕ ಕರೆ ಮಾಡಬಹುದೇ, 5ಜಿ ಬಳಸಬಹುದೇ, ಸೆಟ್ಟಿಂಗ್ಸ್ ಪುಟದಲ್ಲಿ ಯಾವ ಗುಂಡಿಯನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಒಂದೇ ಮಾದರಿಯ ಎರಡು ಫೋನುಗಳಿಗೆ ಬೇರೆ ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲವೊಮ್ಮೆ ಸೆಟ್ಟಿಂಗ್ಸ್ ಪುಟವೇ ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಅದೇ ಪುಟದಲ್ಲಿ ಎಪಿಎನ್ ಎಂಬ ಸಾಲೂ ಇರುತ್ತದೆ. ಕಂಪನಿಯ ಯಾವ ಗೇಟ್‌ವೇ, ಅಂದರೆ ಹೆಬ್ಬಾಗಿಲಿನ, ಮೂಲಕ ಇಂಟರ್‌ನೆಟ್ ಸೇರಬೇಕು ಎಂದು ಅದು ಫೋನಿಗೆ ಹೇಳುತ್ತದೆ. ಜಿಯೊದಲ್ಲಿ ‘ಜಿಯೊನೆಟ್’, ಬಿಎಸ್‌ಎನ್‌ಎಲ್‌ನಲ್ಲಿ ‘ಬಿಎಸ್‌ಎನ್‌ಎಲ್‌ನೆಟ್’ ಎಂಬ ಹೆಸರುಗಳನ್ನು ನೀವು ನೋಡಿರಬಹುದು. ಈ ಹೆಸರು ಬದಲಿಸಿದರೆ ವೇಗ ದುಪ್ಪಟ್ಟಾಗುತ್ತದೆ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಂಬಬೇಡಿ. ತಪ್ಪು ಹೆಸರು ಹಾಕಿದರೆ ಇದ್ದ ಇಂಟರ್‌ನೆಟ್ಟೂ ನಿಂತುಹೋಗಬಹುದು. ಸರಿಯಾದ ಹೆಸರು ಹಾಕಿದರೆ ಕಂಪನಿ ಕೊಡಬೇಕಾದ ವೇಗ ಸಿಗುತ್ತದೆ, ಅದಕ್ಕಿಂತ ಹೆಚ್ಚಲ್ಲ. ಯಾಕೆಂದರೆ ವೇಗದ ಮಿತಿಯನ್ನು ಬರೆದಿಟ್ಟಿರುವುದು ಫೋನಿನಲ್ಲಲ್ಲ, ಕಂಪನಿಯ ಕಂಪ್ಯೂಟರುಗಳಲ್ಲಿ.

ಆ ಕಂಪ್ಯೂಟರ್ ಮೊದಲು ಕೇಳುವುದು “ನೀನು ನಿಜವಾಗಿ ನಮ್ಮ ಗ್ರಾಹಕನೇ?” ಎಂದು. ಸಿಮ್‌ನೊಳಗೆ 128 ಬಿಟ್‌ಗಳ, ಅಂದರೆ 128 ಸೊನ್ನೆ-ಒಂದುಗಳ ಸಾಲಿನ, ಒಂದು ಗುಟ್ಟಿನ ಕೀಲಿ ಇರುತ್ತದೆ. ಅದರ ಇನ್ನೊಂದು ಪ್ರತಿ ಇರುವುದು ಕಂಪನಿಯ ಬಳಿ ಮಾತ್ರ. ಜಾಲ ಒಂದು ದೊಡ್ಡ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಆರಿಸಿ ಕಳುಹಿಸುತ್ತದೆ. ಸಿಮ್ ಆ ಸಂಖ್ಯೆಯನ್ನೂ ತನ್ನ ಗುಟ್ಟಿನ ಕೀಲಿಯನ್ನೂ ಸೇರಿಸಿ ಒಂದು ಲೆಕ್ಕ ಮಾಡಿ ಉತ್ತರವನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಕಂಪನಿಯೂ ಅದೇ ಲೆಕ್ಕ ಮಾಡಿರುತ್ತದೆ. ಎರಡೂ ಉತ್ತರ ಹೊಂದಿದರೆ ಪ್ರವೇಶ ಸಿಕ್ಕಿತು. ಗಮನಿಸಿದಿರಾ? ಗುಟ್ಟಿನ ಕೀಲಿ ಸಿಮ್ ಬಿಟ್ಟು ಹೊರಗೆ ಬರಲೇ ಇಲ್ಲ. ಗಾಳಿಯಲ್ಲಿ ಕಿವಿಯಿಟ್ಟು ಕದಿಯೋಣವೆಂದರೂ ಅದು ಸಿಗುವುದಿಲ್ಲ.

ಪರಿಚಯ ಮುಗಿದ ಮೇಲೆ ಕಂಪನಿಯ ಕಂಪ್ಯೂಟರ್ ಟವರಿಗೆ ಒಂದು ಚೀಟಿ ಕಳುಹಿಸುತ್ತದೆ: ಈ ಗ್ರಾಹಕರಿಗೆ ಒಟ್ಟು ಗರಿಷ್ಠ ವೇಗ ಇಷ್ಟು. ಫೋನು ಕೂಡ ತನ್ನ ಶಕ್ತಿಯ ಪಟ್ಟಿಯನ್ನು ಕೊಡುತ್ತದೆ. 4ಜಿಯಲ್ಲಿ ‘ನಾಲ್ಕನೇ ವರ್ಗ’ಕ್ಕೆ ಸೇರಿದ ಫೋನು ಸೆಕೆಂಡಿಗೆ 150 ಮೆಗಾಬಿಟ್‌ಗಿಂತ ವೇಗವಾಗಿ ಡೌನ್‌ಲೋಡ್ ಮಾಡಲಾರದು. ಈ ಎರಡು ಮಿತಿಗಳಲ್ಲಿ ಯಾವುದು ಚಿಕ್ಕದೋ ಅದನ್ನು ಮೀರಿ ಹೋಗಲು ಸಾಧ್ಯವಿಲ್ಲ.

ಟವರಿನ ಹಂಚಿಕೆ

ಈಗ ಟವರಿಗೆ ಬರೋಣ. ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಬಡಿಸುವವರು ಒಬ್ಬರೇ, ಎಲೆಗಳು ನೂರಾರು. ಟವರಿನಲ್ಲಿ ಬಡಿಸುವ ಕೆಲಸ ಮಾಡುವ ತಂತ್ರಾಂಶಕ್ಕೆ ಷೆಡ್ಯೂಲರ್ ಎಂದು ಹೆಸರು. ಬಡಿಸಬೇಕಾದದ್ದು ರೇಡಿಯೊ ಅಲೆಗಳ ತುಣುಕುಗಳನ್ನು. 4ಜಿಯಲ್ಲಿ ಒಂದೊಂದು ತುಣುಕು 180 ಕಿಲೋಹರ್ಟ್ಸ್ ಅಗಲ. ಕಂಪನಿಯ ಬಳಿ 20 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿ ಇದ್ದರೆ ಅಂಥ 100 ತುಣುಕುಗಳು ಸಿಗುತ್ತವೆ. ಷೆಡ್ಯೂಲರ್ ಇವನ್ನು ಪ್ರತಿ ಮಿಲಿಸೆಕೆಂಡಿಗೂ, ಅಂದರೆ ಸೆಕೆಂಡಿಗೆ 1,000 ಸಲ, ಹೊಸದಾಗಿ ಹಂಚುತ್ತದೆ. ಒಂದು ಸೆಕೆಂಡಿನಲ್ಲಿ ಒಂದು ಲಕ್ಷ ತುಣುಕುಗಳ ಹಂಚಿಕೆ!

ಯಾರಿಗೆ ಎಷ್ಟು? ಅದಕ್ಕೊಂದು ಲೆಕ್ಕವಿದೆ. ನಿಮ್ಮ ಫೋನು ಸೆಕೆಂಡಿಗೆ ಹಲವಾರು ಬಾರಿ ಟವರಿಗೆ 0ಯಿಂದ 15ರ ಒಳಗಿನ ಒಂದು ಅಂಕ ಕಳುಹಿಸುತ್ತಿರುತ್ತದೆ. “ನನಗೆ ನಿನ್ನ ಅಲೆ ಇಷ್ಟು ಚೆನ್ನಾಗಿ ಕೇಳಿಸುತ್ತಿದೆ” ಎಂದು ಹೇಳುವ ಅಂಕ ಅದು. ಅಂಕ ಹೆಚ್ಚಿದ್ದರೆ ಟವರು ಅಲೆಯ ಒಂದೊಂದು ಸಂಕೇತದಲ್ಲಿ 6 ಅಥವಾ 8 ಬಿಟ್‌ಗಳನ್ನು ತುಂಬಿ ಕಳುಹಿಸುತ್ತದೆ. ಅಂಕ ಕಡಿಮೆಯಿದ್ದರೆ 2 ಬಿಟ್ ಮಾತ್ರ. ಹೆಚ್ಚು ತುಂಬಿದರೆ ದೂರದ ಫೋನಿಗೆ ಅದು ಕಲಸಿಹೋಗಿ ಅರ್ಥವಾಗುವುದಿಲ್ಲ. ಹಾಗಾಗಿ ಕಿಟಕಿಯ ಬಳಿ ಕುಳಿತವರಿಗೂ ಒಳಕೋಣೆಯಲ್ಲಿ ಕುಳಿತವರಿಗೂ ಒಂದೇ ಅಳತೆಯ ತುಣುಕು ಸಿಕ್ಕಿದರೂ ಅದರಲ್ಲಿ ಬರುವ ಮಾಹಿತಿ ಒಂದೇ ಅಲ್ಲ.

ಹಾಗಂತ ಚೆನ್ನಾಗಿ ಕೇಳಿಸುವವರಿಗೇ ಎಲ್ಲವನ್ನೂ ಕೊಟ್ಟುಬಿಟ್ಟರೆ ದೂರದವರು ಉಪವಾಸ ಬೀಳುತ್ತಾರಲ್ಲ? ಅದಕ್ಕೆ ಷೆಡ್ಯೂಲರ್ ಇನ್ನೊಂದು ಲೆಕ್ಕವನ್ನೂ ಇಟ್ಟಿರುತ್ತದೆ: ಇತ್ತೀಚೆಗೆ ಯಾರಿಗೆ ಕಡಿಮೆ ಸಿಕ್ಕಿದೆ? ಅವರ ಸರದಿಯನ್ನು ಮುಂದಕ್ಕೆ ತರುತ್ತದೆ. ಜೊತೆಗೆ, ಕರೆಯ ಮಾತುಗಳಿಗೆ ವಿಡಿಯೊಗಿಂತ ಮೊದಲ ಸ್ಥಾನ. ವಿಡಿಯೊ ಅರ್ಧ ಸೆಕೆಂಡು ತಡವಾದರೆ ಫೋನು ಮೊದಲೇ ತಂದಿಟ್ಟುಕೊಂಡ ಭಾಗವನ್ನು ತೋರಿಸಿ ಸುಧಾರಿಸುತ್ತದೆ. ಮಾತು ಅರ್ಧ ಸೆಕೆಂಡು ತಡವಾದರೆ ಸಂಭಾಷಣೆಯೇ ಕೆಡುತ್ತದೆ.

ಸಂಜೆ ಊರಿಗೆ ಊರೇ ಫೋನ್ ಹಿಡಿದು ಕುಳಿತಾಗ ವೇಗ ಇಳಿಯುವುದು ಯಾಕೆಂದು ಈಗ ಗೊತ್ತಾಯಿತಲ್ಲ? ತುಣುಕುಗಳು ಅಷ್ಟೇ ಇವೆ, ಪಾಲುದಾರರು ಹೆಚ್ಚಾದರು. 5ಜಿ ವೇಗವಾಗಿರಲು ಒಂದು ಮುಖ್ಯ ಕಾರಣ, ಅಲ್ಲಿ ಹಂಚಲು ಹೆಚ್ಚು ಅಗಲದ ತರಂಗಪಟ್ಟಿ ಇರುವುದು. 2022ರಲ್ಲಿ ಸರ್ಕಾರ ನಡೆಸಿದ ತರಂಗಗಳ ಹರಾಜಿನಲ್ಲಿ ಜಿಯೊ ಮತ್ತು ಏರ್‌ಟೆಲ್ 3300 ಮೆಗಾಹರ್ಟ್ಸ್ ಪಟ್ಟಿಯಲ್ಲಿ 100 ಮೆಗಾಹರ್ಟ್ಸ್ ಅಗಲ ಕೊಂಡವು. 20ಕ್ಕೆ ಹೋಲಿಸಿದರೆ ಅದು ಐದು ಪಟ್ಟು. ಆದರೆ ಈ ಅಲೆಗಳು ಹೆಚ್ಚು ದೂರ ಹೋಗಲಾರವು, ಗೋಡೆಗಳನ್ನು ದಾಟಲೂ ಕಷ್ಟಪಡುತ್ತವೆ. 700, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ. ಆದರೆ ಅಲ್ಲಿ ಸಿಗುವ ಅಗಲ ಕಡಿಮೆ. ಮಲೆನಾಡಿನ ಕಣಿವೆಗಳಲ್ಲಿ ಗುಡ್ಡವೇ ಅಲೆಗೆ ಅಡ್ಡ ನಿಲ್ಲುತ್ತದೆ. ಕೊರೊನಾ ಕಾಲದಲ್ಲಿ ಅಲ್ಲಿನ ಎಷ್ಟೋ ಮಕ್ಕಳು ಆನ್‌ಲೈನ್ ಪಾಠ ಕೇಳಲು ಗುಡ್ಡದ ನೆತ್ತಿ ಹತ್ತಬೇಕಾಗಿದ್ದಕ್ಕೆ ಇದೂ ಒಂದು ಕಾರಣ.

ಪ್ಲಾನ್ ಹಾಕುವ ಮಿತಿ

ಟವರು ಹತ್ತಿರವಿದೆ, ಜನ ಕಡಿಮೆ, ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿವೆ. ಆದರೂ ವಿಡಿಯೊ ಸುತ್ತುತ್ತಲೇ ಇದೆ. ಹಾಗಿದ್ದರೆ ದಿನದ ಡೇಟಾ ಮುಗಿದಿದೆಯೇ ನೋಡಿ. ಸಿಗ್ನಲ್ ಕಡ್ಡಿಗಳು ಅಲೆಯ ಬಲವನ್ನು ತೋರಿಸುತ್ತವೆಯೇ ಹೊರತು ವೇಗವನ್ನಲ್ಲ.

ನಿಮ್ಮ ಫೋನಿಗೆ ಬರುವ ಪ್ರತಿಯೊಂದು ಮಾಹಿತಿ ಪೊಟ್ಟಣವೂ ಕಂಪನಿಯ ಗೇಟ್‌ವೇ ದಾಟಿಯೇ ಬರಬೇಕು. ಅಲ್ಲಿ ಎಣಿಕೆ ನಡೆಯುತ್ತಿರುತ್ತದೆ. ದಿನಕ್ಕೆ 1.5 ಜಿಬಿ ಎಂಬ ಪ್ಲಾನ್ ಇದ್ದರೆ, ಅದು ಮುಗಿದ ಕ್ಷಣ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಯೂಟರ್ ಗೇಟ್‌ವೇಗೆ ಹೊಸ ಆಜ್ಞೆ ಕೊಡುತ್ತದೆ. ಹಲವು ಪ್ಲಾನ್‌ಗಳಲ್ಲಿ ಆ ಆಜ್ಞೆ ‘ಇನ್ನು ಮುಂದೆ ಸೆಕೆಂಡಿಗೆ 64 ಕಿಲೋಬಿಟ್ ಮಾತ್ರ’ ಎಂದಿರುತ್ತದೆ.

ಇದರ ಲೆಕ್ಕವನ್ನು ನಾವೇ ಮಾಡೋಣ. 8 ಬಿಟ್ ಸೇರಿದರೆ 1 ಬೈಟ್. 64ನ್ನು 8ರಿಂದ ಭಾಗಿಸಿ: ಸೆಕೆಂಡಿಗೆ 8 ಕಿಲೋಬೈಟ್. 2 ಎಂಬಿಯ ಒಂದು ಫೋಟೊ ಎಂದರೆ ಸುಮಾರು 2,000 ಕಿಲೋಬೈಟ್. 2,000ವನ್ನು 8ರಿಂದ ಭಾಗಿಸಿದರೆ 250 ಸೆಕೆಂಡು. ನಾಲ್ಕು ನಿಮಿಷಕ್ಕಿಂತ ಹೆಚ್ಚು. ಆದರೆ “ಅಜ್ಜಿ, ಊಟ ಆಯ್ತಾ?” ಎಂಬ ಸಂದೇಶಕ್ಕೆ 1 ಕಿಲೋಬೈಟ್ ಕೂಡ ಬೇಡ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಡೇಟಾ ಮುಗಿದ ಮೇಲೂ ಸಂದೇಶಗಳು ಹೋಗುತ್ತವೆ, ವಿಡಿಯೊ ಮಾತ್ರ ನಿಲ್ಲುತ್ತದೆ, ಯಾಕೆಂಬುದಕ್ಕೆ ಇದೇ ಉತ್ತರ.

ಗೇಟ್‌ವೇ ವೇಗವನ್ನು ಕಡಿಮೆ ಮಾಡುವ ಬಗೆಯೂ ಸ್ವಾರಸ್ಯಕರ. ಅದು ಹೆಚ್ಚುವರಿ ಪೊಟ್ಟಣಗಳನ್ನು ಸಾಲಿನಲ್ಲಿ ಕಾಯಿಸುತ್ತದೆ. ಸಾಲು ಉದ್ದವಾದರೆ ಕೆಲವನ್ನು ಬಿಸಾಡುತ್ತದೆ. ಪ್ರತಿ ಪೊಟ್ಟಣ ತಲುಪಿದಾಗ “ಬಂತು” ಎಂದು ನಿಮ್ಮ ಫೋನು ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ, ದೂರದಲ್ಲಿ ವಿಡಿಯೊ ಕಳುಹಿಸುತ್ತಿರುವ ಕಂಪ್ಯೂಟರ್ “ದಾರಿ ಇಕ್ಕಟ್ಟಾಗಿದೆ” ಎಂದು ತಿಳಿದು ತಾನಾಗಿಯೇ ನಿಧಾನಿಸುತ್ತದೆ. ಯಾರೂ ಅದಕ್ಕೆ “ನಿಧಾನ ಮಾಡು” ಎಂದು ಹೇಳಬೇಕಾಗಿಲ್ಲ.

ಕಂಪನಿಗೂ ನಿಯಮವಿದೆ

ಇಷ್ಟೆಲ್ಲ ಅಧಿಕಾರ ಕಂಪನಿಯ ಕೈಯಲ್ಲಿದ್ದರೆ, ಅದು ತನಗಿಷ್ಟವಾದ ಆ್ಯಪ್ ಅನ್ನು ವೇಗವಾಗಿ ಓಡಿಸಿ, ಬೇರೆಯದನ್ನು ಬೇಕೆಂದೇ ನಿಧಾನಿಸಬಹುದಲ್ಲವೇ? ತಂತ್ರಜ್ಞಾನದ ಮಟ್ಟಿಗೆ ಖಂಡಿತ ಸಾಧ್ಯ. ಆದರೆ ಅದು ನ್ಯಾಯವಲ್ಲ. ಹಾಗಾದರೆ ಹಣವಿರುವ ದೊಡ್ಡ ಕಂಪನಿಯ ಆ್ಯಪ್ ಮಾತ್ರ ಉಳಿಯುತ್ತದೆ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕುಳಿತು ಒಬ್ಬ ಹುಡುಗಿ ಮಾಡಿದ ಹೊಸ ಆ್ಯಪ್ ಯಾರ ಫೋನನ್ನೂ ಸರಿಯಾಗಿ ತಲುಪುವುದಿಲ್ಲ.

ದೂರಸಂಪರ್ಕ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆ 2016ರ ಫೆಬ್ರುವರಿ 8ರಂದು ಒಂದು ನಿಯಮ ತಂದಿತು: ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವಂತಿಲ್ಲ. ಅದಕ್ಕೂ ಮುನ್ನ ದೇಶದಾದ್ಯಂತ ಲಕ್ಷಾಂತರ ಜನ ಟ್ರಾಯ್‌ಗೆ ಪತ್ರ ಬರೆದು ತಮ್ಮ ಅಭಿಪ್ರಾಯ ಹೇಳಿದ್ದರು. 2018ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವೇಗದಲ್ಲೂ ತಾರತಮ್ಯ ಮಾಡಬಾರದೆಂಬ ತತ್ವವನ್ನು ಒಪ್ಪಿತು. ಡೇಟಾ ಮುಗಿದ ಮೇಲೆ ಎಲ್ಲ ಆ್ಯಪ್‌ಗಳನ್ನೂ ಒಂದೇ ರೀತಿ ನಿಧಾನಿಸುವುದು ಸರಿ. ಒಂದನ್ನು ಮಾತ್ರ ಆರಿಸಿ ನಿಧಾನಿಸುವುದು ತಪ್ಪು. ಗಾಳಿಯಲ್ಲಿ ಹರಿಯುವ ಅಲೆಗಳು ದೇಶದ ಎಲ್ಲರಿಗೂ ಸೇರಿದ ಸಂಪತ್ತು. ಕಂಪನಿಗಳು ಹರಾಜಿನಲ್ಲಿ ಪಡೆಯುವುದು ಅದನ್ನು ಕೆಲವು ವರ್ಷ ಬಳಸುವ ಹಕ್ಕನ್ನು ಮಾತ್ರ.

ನೀವೇ ಪರೀಕ್ಷಿಸಿ

ಮನೆಯ ಹಿರಿಯರ ಜೊತೆ ಕುಳಿತು ಒಂದು ಪ್ರಯೋಗ ಮಾಡಿ. ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್‌ನಲ್ಲಿ ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ವೇಗ ಅಳೆಯಿರಿ. ಕಿಟಕಿಯ ಬಳಿ ಒಮ್ಮೆ, ಮನೆಯ ನಡುವೆ ಒಮ್ಮೆ ಅಳೆಯಿರಿ. ಸೆಟ್ಟಿಂಗ್ಸ್‌ನಲ್ಲಿ 5ಜಿ ಇದ್ದರೆ ಅದನ್ನು 4ಜಿಗೆ ಬದಲಿಸಿ ಮತ್ತೊಮ್ಮೆ ನೋಡಿ. ಎಲ್ಲವನ್ನೂ ಪಟ್ಟಿ ಮಾಡಿ ಬರೆದಿಡಿ. ಒಂದು ಎಚ್ಚರಿಕೆ: ಪ್ರತಿ ಪರೀಕ್ಷೆಗೂ ಡೇಟಾ ಖರ್ಚಾಗುತ್ತದೆ, ಹಾಗಾಗಿ ಕೆಲವೇ ಸಲ ಸಾಕು. ನಿಮ್ಮ ಪಟ್ಟಿಯಲ್ಲಿ ಜಾಗ ಬದಲಾದಾಗ ವೇಗ ಬದಲಾಗಿದ್ದರೆ ಅದು ಸಿಗ್ನಲ್‌ನ ಕೆಲಸ. ಹೊತ್ತು ಬದಲಾದಾಗ ಬದಲಾಗಿದ್ದರೆ ಅದು ಟವರಿನ ಹಂಚಿಕೆ. ಎಲ್ಲಿ, ಯಾವಾಗ ಅಳೆದರೂ 64 ಕಿಲೋಬಿಟ್‌ನ ಹತ್ತಿರವೇ ನಿಂತರೆ ಅದು ಪ್ಲಾನಿನ ಮಿತಿ.

ಇನ್ನೊಂದು ಕೆಲಸವನ್ನೂ ಮಾಡಿ. ಮುಂದಿನ ರೀಚಾರ್ಜ್ ಮಾಡುವಾಗ ದಿನಕ್ಕೆ ಎಷ್ಟು ಜಿಬಿ ಎಂಬುದನ್ನಷ್ಟೇ ನೋಡಬೇಡಿ. ಮಿತಿ ಮುಗಿದ ಮೇಲೆ ವೇಗ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಬರೆದ ಸಾಲನ್ನು ಹುಡುಕಿ, ಅಪ್ಪ ಅಮ್ಮನಿಗೆ ಓದಿ ಹೇಳಿ. ಅರ್ಥವಾಗದಿದ್ದರೆ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕೇಳಲು ಹೇಳಿ. ವೇಗವನ್ನು ಹಂಚುವ ನಿಯಮಗಳನ್ನು ಮಾಡಿದವರು ಮನುಷ್ಯರು. ಆ ನಿಯಮ ಏನು, ಯಾಕೆ ಎಂದು ಕೇಳುವ ಹಕ್ಕು ಅದನ್ನು ಬಳಸುವ ಎಲ್ಲರಿಗೂ ಇದೆ, ನಿಮಗೂ ಇದೆ.