ಪಂಪಿನ ಕೆಲಸದಲ್ಲಿ ಪೆಟ್ಟಾದರೆ



ಮೊದಲೆಲ್ಲ ಸ್ಲಾಬ್ ಹಾಕುವುದು ಅಂದರೆ ಬಾಂಡ್ಲಿ ಕೆಲಸ. ಸಾಲಾಗಿ ನಿಂತು ಕೈಯಿಂದ ಕೈಗೆ ಕಾಂಕ್ರೀಟು ದಾಟಿಸುತ್ತಿದ್ದರು. ಈಗ ದೊಡ್ಡ ಕಟ್ಟಡಕ್ಕೆ, ಸೇತುವೆಗೆ ಕಾಂಕ್ರೀಟು ಪಂಪು ಬಂದಿದೆ. ಹುಬ್ಬಳ್ಳಿಗೆ, ಗೋವಾಕ್ಕೆ, ಬೆಂಗಳೂರಿಗೆ ಕೆಲಸಕ್ಕೆ ಹೋದ ನಿಮ್ಮ ಮನೆಯವರನ್ನು ಕೇಳಿ, ಹೇಳ್ತಾರೆ.

ಪಂಪಿಗೆ ಒಂದು ತೊಟ್ಟಿ ಇರುತ್ತದೆ. ಕಲಸಿದ ಕಾಂಕ್ರೀಟನ್ನು ಅದಕ್ಕೆ ಸುರಿಯುತ್ತಾರೆ. ಯಂತ್ರ ಅದನ್ನು ಕಬ್ಬಿಣದ ಕೊಳವೆಯಲ್ಲಿ ಮೇಲಕ್ಕೆ ನೂಕುತ್ತದೆ. ಕೊಳವೆಯ ತುದಿಗೆ ದಪ್ಪ ರಬ್ಬರ್ ಪೈಪು. ಅದನ್ನು ಒಬ್ಬರು ಹಿಡಿದು ಬೇಕಾದ ಕಡೆ ತಿರುಗಿಸುತ್ತಾರೆ.

ಅಪಾಯ ಇರುವುದು ಆ ನೂಕುವ ಬಲದಲ್ಲಿ. ಕಾರಿನ ಟಯರಿನಲ್ಲಿರುವ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ಒತ್ತಡ ಕೊಳವೆಯಲ್ಲಿ ಇರುತ್ತದೆ. ಜಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಒತ್ತಡ ತುಂಬುತ್ತದೆ. ಸಿಕ್ಕಿದ್ದು ಒಮ್ಮೆಲೇ ಬಿಟ್ಟಾಗ ರಬ್ಬರ್ ಪೈಪು ಬಾಲ ತುಳಿದ ಹಾವಿನ ಹಾಗೆ ಬಡಿಯುತ್ತದೆ. ಹತ್ತಿರ ನಿಂತವರ ತಲೆಗೆ, ಎದೆಗೆ ಪೆಟ್ಟು. ಅದಕ್ಕೇ ಪಂಪು ಶುರು ಮಾಡುವಾಗ ಪೈಪನ್ನು ಯಾರೂ ಹಿಡಿದಿರಬಾರದು, ಹತ್ತಿರವೂ ನಿಲ್ಲಬಾರದು. ಕಟ್ಟಿಕೊಂಡರೆ ಮೊದಲು ಪಂಪನ್ನು ಹಿಮ್ಮುಖ ಓಡಿಸಿ ಒತ್ತಡ ಇಳಿಸಬೇಕು. ಆಮೇಲೇ ಕೊಳವೆಯ ಜೋಡಣೆ ಬಿಚ್ಚಬೇಕು.

ತೊಟ್ಟಿ ತೊಳೆಯುವಾಗ ಯಂತ್ರ ನಿಲ್ಲಿಸದೆ ಕೈ ಹಾಕಿದರೆ ಬೆರಳೇ ಹೋಗುತ್ತದೆ. ಪಂಪಿನ ಉದ್ದ ತೋಳು ವಿದ್ಯುತ್ ತಂತಿಗೆ ತಾಗಿದರೆ ಕೆಳಗೆ ನಿಂತವರಿಗೂ ಕರೆಂಟು. ಇನ್ನು ನಮ್ಮ ಮಲೆನಾಡಿನ ಮಳೆಗಾಲದ ಮಣ್ಣು ನಿಮಗೇ ಗೊತ್ತು. ಲಾರಿಯ ಆಧಾರದ ಕಾಲು ಹೂತರೆ ಇಡೀ ಯಂತ್ರ ಮಗುಚುತ್ತದೆ.

ನಮ್ಮ ಜಿಲ್ಲೆಯ ಕೈಗಾದಲ್ಲಿ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಅಣುಸ್ಥಾವರ ಕಟ್ಟುತ್ತಿದ್ದಾಗ, 1994ರ ಮೇ 13ರಂದು ಗುಮ್ಮಟದ ಕಾಂಕ್ರೀಟು ಕುಸಿಯಿತು. 14 ಕೆಲಸಗಾರರಿಗೆ ಗಾಯವಾಯಿತು. ಅದು ಪಂಪಿನ ಅಪಘಾತವಲ್ಲ. ಆದರೂ ಯಾಕೆ ಹೇಳಿದೆ ಅಂದರೆ, ದೊಡ್ಡದು ಬಿದ್ದರೆ ಊರಿಗೆಲ್ಲ ತಿಳಿಯುತ್ತದೆ, ತನಿಖೆ ನಡೆಯುತ್ತದೆ. ಒಬ್ಬನ ಹೆಬ್ಬೆರಳು ಹೋದರೆ ಯಾರೂ ಬರೆದುಕೊಳ್ಳುವುದಿಲ್ಲ. ಅದನ್ನು ನಾವೇ ಬರೆಸಬೇಕು.

ಈಗ ಕಾನೂನಿನ ಮಾತು. ಕೆಲಸಗಾರರ ಪರಿಹಾರಕ್ಕೆ 1923ರಿಂದಲೇ ಕಾಯಿದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹೆಸರು ಬದಲಾಯಿತು, ಹಕ್ಕು ಉಳಿಯಿತು. ಕೆಲಸದಲ್ಲಿ, ಕೆಲಸದ ಕಾರಣದಿಂದ ಪೆಟ್ಟಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕು. ಇದು ದಾನವಲ್ಲ.

"ನಿನ್ನ ಗಂಡಂದೇ ತಪ್ಪು, ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು" ಅಂತ ಮೇಸ್ತ್ರಿ ಹೇಳಬಹುದು. ಹೆದರಬೇಡಿ. ಬರೀ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದು ಕೆಲಸ ಮಾಡಿದ್ದರೆ, ಬೇಕಂತಲೇ ಸುರಕ್ಷತೆಯ ನಿಯಮ ಮುರಿದಿದ್ದರೆ ಆಗ ಕಷ್ಟ. ಅದರಲ್ಲೂ ಸಾವು ಆದರೆ, ಪೂರ್ತಿ ಅಂಗವಿಕಲತೆ ಬಂದರೆ, ಆ ನೆಪ ನಡೆಯುವುದಿಲ್ಲ.

ಎಷ್ಟು ಹಣ? ಸಂಬಳ, ವಯಸ್ಸು, ಪೆಟ್ಟು ಮೂರನ್ನೂ ನೋಡುತ್ತಾರೆ. 40 ವರ್ಷದವರು, ತಿಂಗಳಿಗೆ 10,000 ರೂಪಾಯಿ ಸಂಬಳ ಅಂತ ಇಟ್ಟುಕೊಳ್ಳಿ. ಇನ್ನು ಯಾವ ದುಡಿಮೆಯೂ ಆಗದಂಥ ಪೆಟ್ಟಾದರೆ ಸಂಬಳದ ನೂರಕ್ಕೆ 60 ಭಾಗ, ಅಂದರೆ 6,000. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಅಂಕಿ 184.17. ಗುಣಿಸಿದರೆ 11,05,020 ರೂಪಾಯಿ. ಸಾವಾದರೆ ನೂರಕ್ಕೆ 50 ಭಾಗ ಹಿಡಿಯುತ್ತಾರೆ. ಆಗ 9,20,850. ಐವತ್ತು ಸಾವಿರ ಕೈಗಿಟ್ಟು "ಮುಗೀತು" ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಬೆರಳಿಗೂ ಲೆಕ್ಕ ಇದೆ. ಹೆಬ್ಬೆರಳು ಹೋದರೆ ನೂರಕ್ಕೆ 30, ತೋರುಬೆರಳು ಹೋದರೆ 14. ಆದರೆ ಕೆಲಸ ಯಾವುದು ಅನ್ನುವುದೂ ಮುಖ್ಯ. 1968ರಲ್ಲಿ ಒಬ್ಬ ಬಡಗಿ ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಅವನಿಗೆ ಆದದ್ದು ಪೂರ್ತಿ ನಷ್ಟ ಅಂತ 1975ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಿಮ್ಮಿಂದ ಆಗಬೇಕಾದ ಕೆಲಸ ಈಗ ಹೇಳ್ತೇನೆ. ಆಸ್ಪತ್ರೆಯಲ್ಲಿ ಬರೀ "ಬಿದ್ದು ಪೆಟ್ಟಾಯಿತು" ಅಂತ ಬರೆಸಬೇಡಿ. ಎಲ್ಲಿ, ಯಾರ ಕೆಲಸದಲ್ಲಿ, ಯಾವ ಯಂತ್ರದಿಂದ ಅಂತ ಬರೆಸಿ. ಪೊಲೀಸರಿಗೂ ಹಾಗೇ ತಿಳಿಸಿ, ದೂರಿನ ಪ್ರತಿ ಕೇಳಿ ತನ್ನಿ. ಪಂಪು ಲಾರಿಯ ಮೇಲಿದ್ದರೆ ಲಾರಿಯ ನಂಬರು ಬರೆದಿಡಿ. ವಾಹನದ ವಿಮೆಯಿಂದ ಕೇಳುವ ದಾರಿಯೂ ಇದೆ. ಎರಡರಲ್ಲಿ ಒಂದು ದಾರಿ ಮಾತ್ರ ಹಿಡಿಯಬಹುದು. ಯಾವುದು ಒಳ್ಳೆಯದು ಅಂತ ವಕೀಲರನ್ನು ಕೇಳಿ.

ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ ಅಂತ ಕಂತ್ರಾಟುದಾರ ಹೇಳಬಹುದು. ಅದಕ್ಕೇ ಮನೆಯಲ್ಲಿ ಒಂದು ನೋಟುಬುಕ್ಕು ಇಡಿ. ತಾರೀಕು, ಜಾಗ, ಕೂಲಿ ಬರೆಯಿರಿ. ಫೋನಿಗೆ ಬಂದ ಹಣದ ಮೆಸೇಜು ಅಳಿಸಬೇಡಿ. ನೀವೀಗ ಓದಬಲ್ಲಿರಿ. ಕಾಗದಕ್ಕೆ ಸಹಿ ಕೇಳಿದರೆ ಓದಿ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. "ಪರಿಹಾರ ಬಿಟ್ಟುಕೊಟ್ಟೆ" ಅಂತ ಮೊದಲೇ ಸಹಿ ಮಾಡಿಸಿಕೊಂಡಿದ್ದರೂ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಗಂಡ ಗೋವಾದಲ್ಲಿ ಬಿದ್ದ, ನಾನು ಅಲ್ಲಿಗೆ ಹೇಗೆ ಓಡಾಡಲಿ ಅಂತ ಯೋಚನೆ ಬರುತ್ತದೆ. ಬೇಕಿಲ್ಲ. ನೀವು ವಾಸ ಇರುವ ಕಡೆಯೇ ಅರ್ಜಿ ಹಾಕಬಹುದು. ಎರಡು ವರ್ಷದ ಒಳಗೇ ಹಾಕಿಬಿಡಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಗಂಡಸರು, ಹೆಂಗಸರು ಯಾರೂ ಮಾಡಿಸಬಹುದು. ಪೆಟ್ಟಾದ ಮೇಲೆ ಓಡುವುದಲ್ಲ, ಮೊದಲೇ ಮಾಡಿಸಿಡಿ.

ವಕೀಲರ ಫೀಸು? 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ ಉಚಿತ. ಆದಾಯ ನೋಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಕೋರ್ಟಿದೆ. ಅಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಫೋನಿನಲ್ಲಾದರೆ 15100. ಹೋಗುವಾಗ ಆಸ್ಪತ್ರೆ ಚೀಟಿ, ಪೊಲೀಸ್ ದೂರು, ನೋಟುಬುಕ್ಕು ಮೂರರ ಜೆರಾಕ್ಸ್ ಒಯ್ಯಿರಿ. ಮೂಲ ಪ್ರತಿ ಮನೆಯಲ್ಲೇ ಇರಲಿ.