ಬಾಣಂತಿಯ ಮದ್ದು ಯಾವ ಹೊಲದ್ದು?

(ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪ ಭಾಗದ ರೈತ ದಂಪತಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೇಸಾಯಶಾಸ್ತ್ರ ಕಲಿಸುವವನು ಬಾಣಂತಿಯ ಮದ್ದಿನ ವಿಷಯವನ್ನು ಏಕೆ ಎತ್ತಿಕೊಂಡನೆಂದು ನಿಮಗೆ ಅನ್ನಿಸಬಹುದು. ನಾನು ವೈದ್ಯನಲ್ಲ, ಯಾರಿಗೂ ಮದ್ದು ಹೇಳಲು ಬಂದಿಲ್ಲ. ಆದರೆ ನಮ್ಮ ಕಡೆ ಹಾಲೂಡಿಸುವ ತಾಯಿಗೆ ಕೊಡುವ ಮೆಂತ್ಯ, ಸಬ್ಬಸಿಗೆ, ಅಜವಾನ, ಅಳವಿ, ಬೆಳ್ಳುಳ್ಳಿ ಇವೆಲ್ಲ ಹೊಲದಿಂದ ಬರುವಂಥವು. ಹೊಲದಲ್ಲಿ ಏನಾಗಿದೆಯೋ ಅದು ಅಡಿಗೆಮನೆಗೆ ಬರುತ್ತದೆ, ಅಲ್ಲಿಂದ ತಾಯಿಯ ಹಾಲಿಗೂ ಬರಬಹುದು. ಮನೆಯ ಹಿರಿಯರು "ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು" ಎಂದು ವಿಚಾರಿಸುತ್ತಾರೆ. "ಇದು ಯಾವ ಹೊಲದ್ದು, ಅಲ್ಲಿ ಏನು ಸಿಂಪಡಿಸಿದ್ದರು" ಎಂದು ವಿಚಾರಿಸುವವರು ಕಡಿಮೆ. ಅದನ್ನು ನಿಮ್ಮ ತಲೆಗೆ ಹಾಕುವುದೇ ಈ ದಿನದ ನನ್ನ ಕೆಲಸ.

ಮೊದಲು ಹಾಲಿನ ಮಾತು. ಎಮ್ಮೆಯ ಕೆಚ್ಚಲನ್ನು ಪೂರ್ತಿ ಹಿಂಡದೆ ಬಿಟ್ಟರೆ ಹಾಲು ಇಳಿಮುಖವಾಗುತ್ತದೆಂಬುದು ನಿಮಗೆ ಗೊತ್ತು. ತಾಯಿಯಲ್ಲೂ ನಿಯಮ ಅದೇ. ಮಗು ಪದೇ ಪದೇ, ರಾತ್ರಿಯೂ ಸೇರಿದಂತೆ, ಸರಿಯಾಗಿ ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಯಾವ ಬೇರೂ ಯಾವ ಕಾಳೂ ಇದರ ಬದಲಿಗೆ ನಿಲ್ಲಲಾರದು. ಹೆರಿಗೆಯಾದ ಕೂಡಲೇ ಬರುವ ದಪ್ಪನೆಯ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರನ್ನು ಅಳೆದು ಕೊಡುವುದು ಇನ್ನೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ. ಆರು ತಿಂಗಳೊಳಗೆ ಕೂಸಿಗೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡಬೇಕಾದ ಹೆಂಗಸಿಗೆ, ಅದರಲ್ಲೂ ಬಳ್ಳಾರಿಯ ಬಿಸಿಲಿನಲ್ಲಿ, ನೀರು ಕಡಿಮೆ ಮಾಡಿ ಮೆಂತ್ಯ ಹೆಚ್ಚು ಕೊಟ್ಟರೆ ಪ್ರಯೋಜನವೇನು? ಬಾಯಾರಿದಾಗಲೆಲ್ಲ ಆಕೆ ನೀರು ಕುಡಿಯಲಿ.

ಇನ್ನು ಒಂದೊಂದಾಗಿ ನೋಡೋಣ. ಮೆಂತ್ಯದಿಂದ ಹಾಲು ಹೆಚ್ಚುತ್ತದೆಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಅರಬ್ ದೇಶಗಳಲ್ಲೂ ಇದೆ. ಹಾಲು ಹೆಚ್ಚಿಸುವ ಮದ್ದುಗಳ ಮೇಲೆ ನಡೆದ 41 ಪ್ರಯೋಗಗಳನ್ನು, ಸುಮಾರು 3,000 ತಾಯಂದಿರ ವಿವರಗಳನ್ನು ಕಾಕ್ರೇನ್ ಸಂಸ್ಥೆಯವರು 2020ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಗಿಡಮೂಲಿಕೆಗಳಿಂದ ಸ್ವಲ್ಪ ಅನುಕೂಲವಾಗಿರಬಹುದು, ಆದರೆ ಪುರಾವೆ ಬಹಳ ದುರ್ಬಲ ಎಂಬುದು ಅವರ ತೀರ್ಮಾನ. ನಾವು ಒಂದು ಗೊಬ್ಬರವನ್ನು ಒಂದೇ ಹಂಗಾಮಿನಲ್ಲಿ ನಾಲ್ಕು ಮಡಿಗೆ ಹಾಕಿ ನೋಡಿ ಶಿಫಾರಸು ಮಾಡುವುದಿಲ್ಲವಲ್ಲ, ಹಾಗೆ. ಆದುದರಿಂದ ಮೆಂತ್ಯ ಬೇಡವೆಂದಲ್ಲ. ಅಡಿಗೆಯ ಅಳತೆಯಲ್ಲಿ, ಎಂದರೆ ದಿನಕ್ಕೆ ಒಂದೆರಡು ಚಹಾ ಚಮಚ ಕಾಳು ಅಥವಾ ಒಂದು ಹೊತ್ತಿನ ಸೊಪ್ಪಿನ ಪಲ್ಯ, ಅದು ಆಹಾರ. ಮುಷ್ಟಿಗಟ್ಟಲೆ ಪುಡಿ ನುಂಗಿದರೆ ಅದು ಔಷಧ. ಔಷಧಕ್ಕೆ ಅಡ್ಡ ಪರಿಣಾಮಗಳೂ ಇರುತ್ತವೆ: ತಾಯಿಗೂ ಕೂಸಿಗೂ ಭೇದಿಯಾಗಬಹುದು. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಅಗತ್ಯಕ್ಕಿಂತ ಇಳಿಯಬಹುದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ರಕ್ತಸ್ರಾವದ ಭಯವುಂಟು. ಮೆಂತ್ಯ ಶೇಂಗಾ, ಕಡಲೆಗಳ ಕುಟುಂಬದ ಗಿಡ. ಶೇಂಗಾ ತಿಂದರೆ ಮೈಮೇಲೆ ದದ್ದು ಏಳುವವರು ಇದರಲ್ಲೂ ಜಾಗ್ರತೆಯಾಗಿರಬೇಕು. ಕೂಸಿನ ಮೂತ್ರಕ್ಕೆ ಪಾಕದಂಥ ವಾಸನೆ ಬಂದರೆ ಅದು ಹೆಚ್ಚಾಗಿ ಮೆಂತ್ಯದ್ದೇ. ಆದರೂ ವೈದ್ಯರಿಗೆ ತಾಯಿ ಮೆಂತ್ಯ ತಿನ್ನುತ್ತಿರುವ ವಿಷಯ ಹೇಳಿರಿ. ಅಂಥದೇ ವಾಸನೆ ಬರುವ ಅಪರೂಪದ ಕಾಯಿಲೆಯೊಂದು ಕೂಸುಗಳಿಗೆ ಇರುವುದರಿಂದ ಅವರು ಗೊಂದಲಕ್ಕೆ ಬೀಳಬಾರದು.

ಅಳವಿ ಕಾಳಿನ ಪಾಯಸ ನನಗೂ ಇಷ್ಟ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಅಳವಿಯಲ್ಲಿ ಸುಮಾರು 100 ಮಿಲಿಗ್ರಾಂ ಕಬ್ಬಿಣ ಕೊಟ್ಟಿದ್ದಾರೆ. ಕಾಳಿನಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ಪಾಯಸಕ್ಕೆ ಬೀಳುವುದೂ ಒಂದೆರಡು ಚಮಚ ಅಷ್ಟೇ. ಹೆರಿಗೆಯಾದ ಮೇಲೆ 180 ದಿನ ನುಂಗಬೇಕೆಂದು ಸರಕಾರ ಕೊಡುವ ಕಬ್ಬಿಣದ ಗುಳಿಗೆಯನ್ನು "ಅಳವಿ ತಿನ್ನುತ್ತೇನಲ್ಲ" ಎಂದು ನಿಲ್ಲಿಸಬೇಡಿ. ಎರಡೂ ಇರಲಿ. ಗುಳಿಗೆಯ ಜೊತೆಗೆ ಚಹಾ ಮಾತ್ರ ಬೇಡ.

ಅಂಟಿನುಂಡೆಯ ಉತ್ತತ್ತಿ, ಕೊಬ್ಬರಿ, ಬೆಲ್ಲ ಒಳ್ಳೆಯ ಆಹಾರವೇ. ಗಸಗಸೆಯಲ್ಲಿ ಕೈ ಹಿಡಿತವಿರಲಿ. ಅದು ಅಫೀಮಿನ ಗಿಡದ ಬೀಜ. ಕಾಯಿಯ ಹಾಲು ಕಾಳಿಗೆ ಅಂಟಿಕೊಂಡಿರುವುದುಂಟು. ಹಾಲು ಕುಡಿಯದೆ ಒಂದೇ ಸಮನೆ ತೂಕಡಿಸುವ ಕೂಸು "ಜಾಣ ಕೂಸು" ಅಲ್ಲ. ಅದನ್ನು ಕೂಡಲೇ ಆಸ್ಪತ್ರೆಗೆ ತೋರಿಸಬೇಕು. ಶತಾವರಿಯ, ಎಂದರೆ ಹಲವು ಮಕ್ಕಳ ತಾಯಿ ಬೇರಿನ ಪುರಾವೆಯೂ ಮೆಂತ್ಯದಂತೆ ಅರೆಬರೆ. ಬಜೆಯನ್ನು ತೇದು ಕೂಸಿನ ನಾಲಿಗೆಗೆ ಹಚ್ಚುವುದನ್ನಂತೂ ಬಿಡಲೇಬೇಕು. ಅದರಲ್ಲಿರುವ ಅಸರೋನ್ ಎಂಬ ವಸ್ತುವಿನ ಕಾರಣದಿಂದ ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಆರು ತಿಂಗಳವರೆಗೆ ಕೂಸಿನ ಬಾಯಿಗೆ ತಾಯಿಯ ಹಾಲು, ವೈದ್ಯರು ಬರೆದುಕೊಟ್ಟ ಔಷಧಿ ಬಿಟ್ಟು ಬೇರೇನೂ ಬೇಡ.

ಹಾಲನ್ನು ಕಡಿಮೆ ಮಾಡುವ ಸೊಪ್ಪು ಹೂಗಳೂ ಉಂಟು. ಕೂಸನ್ನು ಕಳೆದುಕೊಂಡ ತಾಯಿಯ ಎದೆಗೆ ಮಲ್ಲಿಗೆ ಹೂ ಕಟ್ಟುವುದನ್ನು ಹಿರಿಯ ಹೆಂಗಸರು ಬಲ್ಲರು. ದುಂಡುಮಲ್ಲಿಗೆಯನ್ನು ಹೀಗೆ ಕಟ್ಟಿ, ಹಾಲು ನಿಲ್ಲಿಸುವ ಗುಳಿಗೆಯೊಡನೆ ಹೋಲಿಸಿ ನೋಡಿದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಹೂವಿನಿಂದಲೂ ಹಾಲು ತಗ್ಗಿತ್ತು. ನಮ್ಮ ಅಜ್ಜಿಯರ ಮಾತುಗಳನ್ನು ಪರೀಕ್ಷಿಸದೆ ತಳ್ಳಿಹಾಕಬಾರದು ಎಂಬುದಕ್ಕೆ ಇದನ್ನು ಹೇಳಿದೆ, ಪರೀಕ್ಷಿಸದೆ ನಂಬಲೂ ಬಾರದು. ಹಡಗಲಿಯ ಮಲ್ಲಿಗೆ ಬೇರೆ ಜಾತಿಯದು, ಅದಕ್ಕೆ ಈ ಫಲಿತಾಂಶ ಅನ್ವಯಿಸುತ್ತದೆಂದು ತಿಳಿಯಬೇಡಿ.

ಇಷ್ಟು ಹೊತ್ತು ಅಡಿಗೆಮನೆಯ ಮಾತಾಯಿತು. ಇನ್ನು ಹೊಲಕ್ಕೆ ಬರೋಣ.

ಕುರುಗೋಡು ಕಡೆ ಮೆಣಸಿನ ಹೊಲದ ಸಾಲುಗಳ ನಡುವೆ, ಅಂಚಿನಲ್ಲಿ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಚೆಲ್ಲುವುದುಂಟು. ಮನೆ ಮಟ್ಟಿಗೆ ಸೊಪ್ಪಾಗುತ್ತದೆ ಎಂಬುದು ಲೆಕ್ಕ. ಆದರೆ ಮೆಣಸಿಗೆ ಥ್ರಿಪ್ಸ್, ನುಸಿಗಳಿಗಾಗಿ ಎಷ್ಟು ಸಲ ಪಂಪು ಹೊರುತ್ತೀರಿ? ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿ ಮೆಣಸಿನಕಾಯಿಗೆ ನಿಗದಿಯಾದದ್ದು. ಪಕ್ಕದ ಸಬ್ಬಸಿಗೆಗೆ ಅದು ಅನ್ವಯಿಸುವುದಿಲ್ಲ. ಸೊಪ್ಪಿನ ಎಲೆ ಸಣ್ಣದು, ಒತ್ತೊತ್ತಾಗಿರುತ್ತದೆ, ತುಂತುರು ಹಿಡಿದಿಟ್ಟುಕೊಳ್ಳುತ್ತದೆ, ಮೂವತ್ತು ನಲವತ್ತು ದಿನಗಳಲ್ಲೇ ಕೊಯ್ಲಿಗೆ ಬರುತ್ತದೆ. ಹತ್ತಿಯ ಹೊಲದ ಅಂಚಿಗೂ ಇದೇ ಮಾತು. ಅಂಥ ಸೊಪ್ಪು ಬಾಣಂತಿಗೆ ಬೇಡ. ನಿಜ ಹೇಳಬೇಕೆಂದರೆ ಯಾರಿಗೂ ಬೇಡ.

ಸಿರುಗುಪ್ಪದ ಭತ್ತದ ಗದ್ದೆಗಳ ಕಥೆ ಇನ್ನೊಂದು. ಹಾಲಿಗೆ, ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪನ್ನು ಕಾಲುವೆ ದಂಡೆಯಲ್ಲಿ, ಗದ್ದೆಯ ಬದುವಿನಲ್ಲಿ ಕಿತ್ತು ತರುತ್ತಾರೆ. ನಾವು ಬೇಸಾಯಶಾಸ್ತ್ರದವರು ಅದೇ ಹೊನಗೊನ್ನೆಯನ್ನು ಕಳೆಯೆಂದು ಕರೆದು ಅದರ ಮೇಲೆ ಕಳೆನಾಶಕ ಹೊಡೆಯಲು ಹೇಳುತ್ತೇವೆ. ಒಂದೇ ಗಿಡ, ಅತ್ತೆಗೆ ಮದ್ದು, ಮಗನಿಗೆ ಕಳೆ! ಮಗ ಬೆಳಿಗ್ಗೆ ಬದುವಿಗೆ ಔಷಧ ಹೊಡೆದದ್ದನ್ನು ಸಂಜೆ ಸೊಪ್ಪು ಕೀಳಲು ಹೋಗುವ ತಾಯಿಗೆ ಹೇಳಿರುವುದಿಲ್ಲ. ಕಳೆನಾಶಕ ಬಿದ್ದ ಗಿಡ ಕೂಡಲೇ ಬಾಡುವುದಿಲ್ಲ. ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ಗಂಡಸರಲ್ಲಿ ನನ್ನ ವಿಶೇಷ ವಿನಂತಿ: ಯಾವ ಹೊಲಕ್ಕೆ, ಯಾವ ದಿನ, ಏನು ಹೊಡೆದಿರಿ ಎಂಬುದನ್ನು ಮನೆಯ ಹೆಂಗಸರಿಗೆ ತಿಳಿಸಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಬೀಜದ ವಿಷಯದಲ್ಲೂ ಎಚ್ಚರ ಬೇಕು. ಬಿತ್ತನೆಗೆಂದು ತಂದ ಮೆಂತ್ಯದ ಪೊಟ್ಟಣ ಉಳಿದರೆ ಅದನ್ನು ಅಡಿಗೆಗೆ ಹಾಕುವುದುಂಟು. ಬೀಜೋಪಚಾರ ಮಾಡಿದ ಬೀಜಕ್ಕೆ ವಿಷ ಲೇಪಿಸಿರುತ್ತಾರೆ, ಗುರುತಿಗಾಗಿ ಬಣ್ಣವನ್ನೂ ಕೊಟ್ಟಿರುತ್ತಾರೆ. ತೊಳೆದರೆ ಬಣ್ಣ ಹೋಗಬಹುದು, ವಿಷವೆಲ್ಲ ಹೋಗಿದೆಯೆಂದು ನಂಬುವಂತಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಪುಡಿ ಕೊಳ್ಳುವುದಕ್ಕಿಂತ ಇಡೀ ಕಾಳು, ಇಡೀ ಬೇರು ಕೊಳ್ಳಿರಿ. ಪುಡಿಯಲ್ಲಿ ಏನು ಬೆರೆತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಹೆಸರು, ತಯಾರಕರ ವಿಳಾಸ ಇಲ್ಲದ ಭಸ್ಮ, ಸಿಂಧೂರಗಳನ್ನಂತೂ ಮುಟ್ಟಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿರುವ ಉದಾಹರಣೆಗಳಿವೆ. ಸೀಸವು ಹಾಲಿನ ಮೂಲಕ ಕೂಸಿಗೆ ಸೇರುತ್ತದೆ.

ಹೊಲಕ್ಕೆ ಹೊಡೆದ ಔಷಧ ತಾಯಿಯ ಹಾಲಿನವರೆಗೆ ಹೋಗುತ್ತದೆಯೇ ಎಂದು ಸಂಶಯಪಡುವವರು ಕಾಸರಗೋಡನ್ನು ನೆನೆಯಬೇಕು. ಅಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನನ್ನು ವಿಮಾನದಿಂದ ಸಿಂಪಡಿಸಿದರು. ಕನ್ನಡ, ತುಳು ಮಾತನಾಡುವ ಪಡ್ರೆ ಗ್ರಾಮದ ಮಾದರಿಗಳನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ಪರೀಕ್ಷಿಸಿ, ಜನರ ರಕ್ತದಲ್ಲಿ ಮಾತ್ರವಲ್ಲದೆ ತಾಯಿಯ ಹಾಲಿನಲ್ಲೂ ಅದು ಇದೆಯೆಂದು ವರದಿ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಇದನ್ನು ಕೇಳಿ ಯಾರೂ ಹಾಲೂಡಿಸುವುದನ್ನು ನಿಲ್ಲಿಸಬಾರದು. ತಾಯಿಯ ಹಾಲಿಗೆ ಸಮನಾದದ್ದು ಇಲ್ಲ. ನಿಲ್ಲಬೇಕಾದದ್ದು ವಿಷ, ಹಾಲಲ್ಲ. ಮೆಣಸಿನಕಾಯಿ, ಹತ್ತಿ ಬಿಡಿಸಲು ಕೂಸನ್ನು ಕಟ್ಟಿಕೊಂಡು ಹೋಗುವ ತಾಯಂದಿರು ಹಾಲೂಡಿಸುವ ಮುಂಚೆ ಕೈ, ಎದೆ ತೊಳೆದುಕೊಳ್ಳಲಿ. ಅದಕ್ಕೆ ಒಂದು ಕೊಡ ನೀರು, ಒಂದು ಸಾಬೂನು ಬದುವಿನ ಮೇಲೆ ಇಡುವುದು ಹೊಲದ ಯಜಮಾನನ ಹೊಣೆ.

ಇನ್ನೊಂದು ಮಾತನ್ನು ಬಳ್ಳಾರಿಯಲ್ಲಿ ನಿಂತು ಹೇಳದಿರಲಾಗದು. 2024ರ ನವೆಂಬರಿನಲ್ಲಿ ಇಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಹಲವು ಬಾಣಂತಿಯರು ತೀರಿಕೊಂಡರು. ನರಕ್ಕೆ ಹರಿಸಿದ ದ್ರಾವಣದ ಮೇಲೆ ಸಂಶಯ ಬಂದು, ಸರಕಾರ ಅದರ ಬಳಕೆಯನ್ನು ನಿಲ್ಲಿಸಿತು. ಆ ನೋವಿನಿಂದ ಯಾರಾದರೂ "ಆಸ್ಪತ್ರೆಯೇ ಬೇಡ, ಬೇರು ಸಾಕು" ಎಂದುಕೊಂಡರೆ ಇನ್ನೊಂದು ಜೀವ ಹೋದೀತು. ದ್ರಾವಣಕ್ಕೆ ಕೇಳುವ ಪ್ರಶ್ನೆಯನ್ನೇ ಬೇರಿಗೂ ಕೇಳಬೇಕು: ಎಲ್ಲಿಂದ ಬಂತು, ಯಾರು ತಯಾರಿಸಿದರು, ಯಾರು ಪರೀಕ್ಷಿಸಿದರು? ಬಾಣಂತಿಗೆ ಜ್ವರ, ಹೆಚ್ಚು ರಕ್ತಸ್ರಾವ, ಎದೆ ಕೆಂಪಾಗಿ ಗಡ್ಡೆ ಕಟ್ಟುವುದು, ಕೂಸು ಹಾಲು ಬಿಡುವುದು ಕಂಡರೆ ಕಷಾಯ ಕಾಯಿಸುತ್ತ ಕೂರಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆಯಿರಿ, ಗಾಡಿ ಹತ್ತಿರಿ. ಯಾವ ಮದ್ದು ಎಷ್ಟು ದಿನ ಕೊಟ್ಟಿರಿ ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ಕೊನೆಯದಾಗಿ ಕೈತೋಟ. ಸೊಸೆ ಬಸುರಿಯೆಂದು ತಿಳಿದ ದಿನವೇ ಹಿತ್ತಿಲಲ್ಲಿ, ಸಿಂಪಡಣೆಯ ಗಾಳಿ ತಾಗದ ಕಡೆ, ಮೂರು ನಾಲ್ಕು ಸಣ್ಣ ಮಡಿ ಮಾಡಿರಿ. ಬಣ್ಣ ಹಾಕದ, ಉಪಚಾರ ಮಾಡದ ಕಾಳನ್ನೇ ಬಿತ್ತಿರಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ಮೆಂತ್ಯ, ಸಬ್ಬಸಿಗೆಗಳನ್ನು ಹದಿನೈದು ದಿನಕ್ಕೊಂದು ಮಡಿಯಂತೆ ಹಾಕಿದರೆ ಸೊಪ್ಪು ತಪ್ಪುವುದಿಲ್ಲ. ಬೇಸಿಗೆಯಲ್ಲಿ ಸ್ವಲ್ಪ ನೆರಳು ಮಾಡಿರಿ. ಅಳವಿ ಚಳಿಗಾಲದ ಬೆಳೆ. ಅಕ್ಟೋಬರ್, ನವೆಂಬರಿನಲ್ಲಿ ಸಣ್ಣ ಬೀಜವನ್ನು ಮರಳಿನೊಡನೆ ಬೆರೆಸಿ ಮೇಲ್ಮೇಲೆ ಬಿತ್ತಬೇಕು, ಆಳಕ್ಕೆ ಹೋದರೆ ಹುಟ್ಟುವುದಿಲ್ಲ. ಹೇನು ಬಿದ್ದರೆ ನೀರು ಚಿಮುಕಿಸಿ ಉದುರಿಸಿರಿ, ಬಾಧೆ ಹೆಚ್ಚಾದ ಗಿಡವನ್ನು ಕಿತ್ತುಹಾಕಿರಿ. ಆ ಮಡಿಗಳ ಹತ್ತಿರ ಪಂಪು ತೊಳೆಯಬೇಡಿ.